ಊರಿಂದೂರಿಗೆ ಹೊರಟ ಸಂಗೀತ ಶಾಲೆ

1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೇ ವರ್ಷದ ಉತ್ಸವ. ಯಲಿವಾಳದ ಹುಡುಗ ಬಸವರಾಜ ರಾಜಗುರು ದೊಡ್ಡ ಸಭೆಯ ಮುಂದೆ ಮೊದಲ ಸಲ ಹಾಡಲು ಕುಳಿತ. ತಬಲಾ ಸಾಥಿಗೆ ಕುಳಿತವರು ಅವನ ಗುರು, ಪಂಚಾಕ್ಷರಿ ಗವಾಯಿಗಳೇ. ಗವಾಯಿಗಳಿಗೆ ಕಣ್ಣಿರಲಿಲ್ಲ. ಶಿಷ್ಯನ ಉಸಿರು ಎಲ್ಲಿ ಏರುತ್ತದೆ, ಯಾವ ತಾನಿಗೆ ಅಂಜುತ್ತಾನೆ, ಎಲ್ಲಿ ಧೈರ್ಯ ಮಾಡುತ್ತಾನೆ ಎಂಬುದನ್ನೆಲ್ಲ ಬಲ್ಲ ಕೈ ಆ ಹೊತ್ತು ಅವನ ಲಯ ಹಿಡಿದಿತ್ತು. ಗವಾಯಿಗಳು ಕಟ್ಟಿದ ಗದಗಿನ ವೀರೇಶ್ವರ ಪುಣ್ಯಾಶ್ರಮ ಎಂಥ ಸಂಸ್ಥೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಆಶ್ರಮ ಇರುವುದು ಗದಗಿನಲ್ಲಿ. ಬೇರು ಹುಡುಕುತ್ತ ಹೋದರೆ ಮಾತ್ರ ರೋಣ, ಗಜೇಂದ್ರಗಡದ ಎರೆ ಹೊಲಗಳ ನಡುವಿನ ನಿಡಗುಂದಿಕೊಪ್ಪ ಸಿಗುತ್ತದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿ ಬಳಿ ಮಲಪ್ರಭೆಯ ದಂಡೆಗೆ ಶಿವಯೋಗ ಮಂದಿರ ಸ್ಥಾಪಿಸಿದರು. ನಿಡಗುಂದಿಕೊಪ್ಪದಲ್ಲಿದ್ದದ್ದು ಅದರ ಶಾಖೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಅಂಧ ಬಾಲಕನ ಕಂಠ ಕೇಳಿ, ಅವನಿಗೆ ಪಾಠ ಹೇಳಿಸಿದವರೂ ಈ ಸ್ವಾಮಿಗಳೇ. ಮೈಸೂರಿನಲ್ಲಿ ಕರ್ನಾಟಕ ಸಂಗೀತ, ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿ ಕಲಿತ ಗದಿಗೆಯ್ಯನೇ ಪಂಚಾಕ್ಷರಿ ಗವಾಯಿ. ಕಲಿತದ್ದನ್ನು ಅಂಧ, ಅನಾಥ ಮಕ್ಕಳಿಗೆ ಧಾರೆ ಎರೆಯುತ್ತೇನೆಂದು ಕುಮಾರಸ್ವಾಮಿಗಳಿಗೆ ಮಾತು ಕೊಟ್ಟರು. ನಿಡಗುಂದಿಕೊಪ್ಪದ ಮಠದಲ್ಲಿ ಪಾಠ ಶುರುವಾಯಿತು.

ಮಕ್ಕಳು ಬಂದರು, ಅವರ ಹಿಂದೆ ಹಸಿವೂ ಬಂತು. ಮಳೆ ಕೈಕೊಟ್ಟರೆ ಈ ಸೀಮೆಯಲ್ಲಿ ಮಠದ ಕಣಜವೂ ಬರಿದಾಗುತ್ತದೆ. ಒಂದೇ ಊರು ಇಷ್ಟು ಹೊಟ್ಟೆಗಳನ್ನು ಎಷ್ಟು ದಿನ ಸಾಕೀತು? ಗವಾಯಿಗಳು ಶಾಲೆಯನ್ನೇ ಎಬ್ಬಿಸಿಕೊಂಡು ಹೊರಟರು. ಪೇಟಿ, ತಬಲಾ, ತಂಬೂರಿ, ಮಕ್ಕಳು ಎಲ್ಲ ಜೊತೆಗೆ. ಜಾತ್ರೆ, ಪುರಾಣ, ಮಠದ ಉತ್ಸವ ಎಲ್ಲಿದ್ದರೆ ಅಲ್ಲಿ ಬಿಡಾರ. ಹಾಡಿದ ಊರು ಜೋಳ ಕೊಡುತ್ತಿತ್ತು, ರೊಟ್ಟಿ ಕೊಡುತ್ತಿತ್ತು. ಎಷ್ಟೋ ಸಲ ಇನ್ನೊಬ್ಬ ಕುರುಡು ಮಗನನ್ನೂ ತಂದು ಒಪ್ಪಿಸುತ್ತಿತ್ತು.

ಇವತ್ತು ರಾಕ್ ಬ್ಯಾಂಡುಗಳು ಹೊರದೇಶಕ್ಕೆ ಹೋದಾಗ ಸಂಜೆ ಕಾರ್ಯಕ್ರಮ, ಮರುದಿನ ಅಲ್ಲಿನ ಹುಡುಗರಿಗೆ ಕಾರ್ಯಾಗಾರ ಎಂಬ ಪದ್ಧತಿ ಇದೆ. ಒಳ್ಳೆಯದೇ. ನಮ್ಮ ಕಡೆಯ ಪದಗಳೂ ಹಾಗೆ ಕಡಲು ದಾಟಿವೆ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಏರಿದ ರಘು ದೀಕ್ಷಿತ್ ತಂಡದ ಮೊದಲ ಆಲ್ಬಮ್ಮಿನಲ್ಲೇ ಶಿಶುನಾಳ ಶರೀಫರ ತತ್ವಪದಗಳಿವೆ. ಆದರೆ ಗವಾಯಿಗಳ ತಂಡದಲ್ಲಿ ಕಾರ್ಯಕ್ರಮ ಬೇರೆ, ಪಾಠ ಬೇರೆ ಎಂಬುದು ಇರಲೇ ಇಲ್ಲ. ರಾತ್ರಿ ಹಿರಿಯ ಶಿಷ್ಯ ಹಾಡುವಾಗ ಹಿಂದೆ ತಂಬೂರಿ ಮೀಟುವ ಪೋರನಿಗೆ ಅದೇ ಪಾಠ. ಬೆಳಗ್ಗೆ ಆ ಪೋರ ತನಗಿಂತ ಚಿಕ್ಕವನಿಗೆ ಸರಳೆ ಹೇಳಿಕೊಡಬೇಕು.

ಕಣ್ಣಿಲ್ಲದ ಮಗುವಿಗೆ ತಬಲಾ ಹೇಳಿಕೊಡುವುದು ಹೇಗೆ? ನೋಡಿ ಕಲಿ ಎನ್ನುವಂತಿಲ್ಲ. ಕಲಿಸುವವ ಮಗುವಿನ ಬೆರಳು ಹಿಡಿದು ಮೊದಲು ಚರ್ಮದ ಅಂಚನ್ನು ಮುಟ್ಟಿಸುತ್ತಾನೆ, ಆಮೇಲೆ ನಡುವಿನ ಕಪ್ಪು ಕರಣೆಯನ್ನು. ನುಣುಪು, ತರಿ ಯಾವುದು ಎಂಬುದು ಬೆರಳ ತುದಿಗೆ ಗೊತ್ತಾಗಬೇಕು. ಬೋಲನ್ನು ಮೊದಲು ಬಾಯಲ್ಲಿ ಹೇಳಿಸಿ, ಅದು ನಾಲಗೆ ಮೇಲೆ ಕೂತ ಮೇಲೇ ಕೈಗೆ ಇಳಿಸುತ್ತಾರೆ. ಡಗ್ಗಾದ ಮೇಲೆ ಅಂಗೈ ಎಷ್ಟು ಒತ್ತಬೇಕೆಂಬುದನ್ನು ಮಗುವಿನ ಕೈ ಮೇಲೆ ತನ್ನ ಕೈ ಇಟ್ಟು ತೋರಿಸಬೇಕು. ಬರೆದಿಟ್ಟುಕೊಳ್ಳುವ ಆಸರೆ ಇಲ್ಲದವನಿಗೆ ನೆನಪೇ ಪುಸ್ತಕ. ಹೀಗೆ ಕಲಿಯುವುದು ನಿಧಾನ. ಕಲಿಸುವವನಿಗೆ ಇನ್ನೂ ನಿಧಾನ. ಆ ತಾಳ್ಮೆಯನ್ನು ಒಂದು ಶತಮಾನ ಕಾಪಾಡಿಕೊಂಡು ಬಂದದ್ದೇ ಈ ಸಂಸ್ಥೆಯ ದೊಡ್ಡ ಸಾಧನೆ ಎಂದು ನನಗನಿಸುತ್ತದೆ.

ತಿರುಗಾಟ ನಿಂತದ್ದು ಗದಗಿನಲ್ಲಿ. ಬಸರಿಗಿಡದ ವೀರಪ್ಪ ಎಂಬ ದಾನಿ ನೆಲೆ ಒದಗಿಸಿದರು. ಆಶ್ರಮದ ಹೆಸರಿನಲ್ಲಿರುವ ‘ವೀರೇಶ್ವರ’ ಅವರ ನೆನಪು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಭಾರವೆಲ್ಲ ಶಿಷ್ಯ ಪುಟ್ಟರಾಜರ ಹೆಗಲಿಗೆ ಬಿತ್ತು. ಇವರೂ ಅಂಧರು, ವಯಸ್ಸು ಮೂವತ್ತು.

ಪುಟ್ಟರಾಜ ಗವಾಯಿಗಳು ದಾನ ಬರಲಿ ಎಂದು ಕಾಯುತ್ತ ಕೂರಲಿಲ್ಲ. ನಾಟಕ ಬರೆದರು, ಆಶ್ರಮದ್ದೇ ನಾಟಕ ಕಂಪನಿ ಕಟ್ಟಿದರು. ಶಾಲೆ ಮತ್ತೆ ರಸ್ತೆಗಿಳಿಯಿತು, ಈ ಸಲ ಪರದೆ, ಬಣ್ಣದ ಪೆಟ್ಟಿಗೆ ಸಮೇತ. ಟಿಕೆಟ್ಟಿನ ದುಡ್ಡು ಆಶ್ರಮದ ಒಲೆ ಹೊತ್ತಿಸಿತು. ಪೇಟಿ, ತಬಲಾ, ಪಿಟೀಲು, ಸಾರಂಗಿ ಎಲ್ಲವೂ ಅವರ ಕೈಗೆ ಒಲಿದಿದ್ದವು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು. ಮುಂದೆ ಊರೂರಿನ ಭಕ್ತರು ತಾವು ‘ಅಜ್ಜಾರು’ ಎಂದು ಕರೆಯುತ್ತಿದ್ದ ಪುಟ್ಟರಾಜರಿಗೆ ತುಲಾಭಾರ ಮಾಡತೊಡಗಿದರು. ತಕ್ಕಡಿಯಲ್ಲಿ ಬಂದದ್ದೆಲ್ಲ ಮಕ್ಕಳ ಅನ್ನಕ್ಕೆ ಹೋಯಿತು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅಜ್ಜಾರು ಹೋದರು.

ಈ ನೆಲಕ್ಕೆ ಹಾಡಿನ ಹುಚ್ಚು ಆಶ್ರಮವೊಂದರಿಂದಲೇ ಬಂದದ್ದಲ್ಲ. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಚಿಕ್ಕವರಿದ್ದಾಗ ಭಜನೆ, ಬ್ಯಾಂಡಿನ ಮೆರವಣಿಗೆ ಕಂಡರೆ ಹಿಂದೆಯೇ ಹೋಗಿಬಿಡುತ್ತಿದ್ದರಂತೆ. ದಣಿದು ಎಲ್ಲೋ ಮಲಗಿಬಿಡುವ ಮಗನನ್ನು ಹುಡುಕಿ ಸಾಕಾದ ತಂದೆ, ಅಂಗಿಯ ಮೇಲೆ ಜೋಶಿ ಮಾಸ್ತರರ ಮಗ ಎಂದು ಬರೆಸಿದರಂತೆ. ಅವರಿಗೆ ಮೊದಲ ಪಾಠ ಹೇಳಿದವರು ಕುರ್ತಕೋಟಿಯ ಅಗಸರ ಚನ್ನಪ್ಪ.

ಆಶ್ರಮದ ಫಲ ಎಲ್ಲಿ ತನಕ ಹೋಗಿದೆ ಎನ್ನಲು ಎಂ. ವೆಂಕಟೇಶ ಕುಮಾರ್ ಒಬ್ಬರು ಸಾಕು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಹುಡುಗನನ್ನು ಸೋದರಮಾವ ಪುಟ್ಟರಾಜರ ಬಳಿ ತಂದು ಬಿಟ್ಟರು. ಹನ್ನೆರಡು ವರ್ಷ ಅಲ್ಲೇ ಉಂಡು, ಅಲ್ಲೇ ಕಲಿತರು. ಅವರ ಗಾಯನವನ್ನು ಲಂಡನ್ನಿನ ದರ್ಬಾರ್ ಉತ್ಸವದ ಸಭಿಕರೂ ಕೇಳಿದ್ದಾರೆ. ದನಿ ತೆರೆದು ಹಾಡುವ ಆ ಧೈರ್ಯದಲ್ಲಿ, ವಚನವನ್ನು ಖ್ಯಾಲಿನಷ್ಟೇ ಭಕ್ತಿಯಿಂದ ಹಿಡಿಯುವ ರೀತಿಯಲ್ಲಿ ನನಗೆ ಆಶ್ರಮವೇ ಕೇಳಿಸುತ್ತದೆ.

ಹೆಸರಾಗದೇ ಉಳಿದವರೇ ಹೆಚ್ಚು. ಶಾಲೆಗಳಲ್ಲಿ ಸಂಗೀತ ಮೇಷ್ಟ್ರು, ನಾಟಕ ಕಂಪನಿಯ ಪೇಟಿ ಮಾಸ್ತರರು, ಶ್ರಾವಣದ ಪುರಾಣಕ್ಕೆ ಬಂದು ಕೂರುವ ತಬಲಜಿಗಳು. ನರಗುಂದದಲ್ಲಾಗಲಿ ಗಜೇಂದ್ರಗಡದಲ್ಲಾಗಲಿ ಮಠದ ಪುರಾಣಕ್ಕೆ ಹೋದರೆ ಅಲ್ಲಿ ಹಾಡುವ ಗವಾಯಿಗಳು ಎಲ್ಲಿ ಕಲಿತವರೆಂದು ಒಮ್ಮೆ ವಿಚಾರಿಸಿ ನೋಡಿ. ನಿಡಗುಂದಿಕೊಪ್ಪಕ್ಕೂ ಹೋಗಿ ಬನ್ನಿ. ನರೇಗಲ್ಲಿನಿಂದ ದೂರವೇನಿಲ್ಲ. ಈ ತಾಲ್ಲೂಕುಗಳ ಶಾಲೆಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಆಶ್ರಮದ ಹುಡುಗರಿಂದಲೇ ಹಾಡಿಸಿ, ಆಮೇಲೆ ತಬಲಾ ಮುಟ್ಟಿ ನೋಡಲು ಬಿಟ್ಟರೆ ಎಷ್ಟು ಚೆನ್ನ. ಅದಕ್ಕೆ ಬೇಕಾದ್ದು ಒಂದು ಬಸ್ಸು, ಒಂದು ಹೊತ್ತಿನ ಊಟ.