ಹಿಮದ ಭೂತ ಮತ್ತು ‘ಎಲ್ಲ ಕ್ಷೇಮ’

ಕ್ಯಾಲ್ಗರಿಯಲ್ಲಿ ಜನವರಿ. ಹೊರಗೆ ಮೈನಸ್ 30. ಇಂಥ ಚಳಿಯಲ್ಲಿ ಹಿತವಾದದ್ದೇನಾದರೂ ಓದುವುದು ಬಿಟ್ಟು ನಾವು ಗಂಡ ಹೆಂಡತಿ ಹಿಡಿದು ಕೂತಿದ್ದು ಡಾನ್ ಸಿಮ್ಮನ್ಸ್ ಬರೆದ ‘ದ ಟೆರರ್’. 2007ರಲ್ಲಿ ಬಂದ, ಏಳುನೂರು ಪುಟ ದಾಟುವ ಕಾದಂಬರಿ. ರಾತ್ರಿ ಊಟವಾದ ಮೇಲೆ ಒಬ್ಬರು ಓದುವುದು, ಇನ್ನೊಬ್ಬರು ಕೇಳುವುದು.

ಕತೆಯ ಬುನಾದಿ ನಿಜ. 1845ರ ಮೇ ತಿಂಗಳಲ್ಲಿ ಸರ್ ಜಾನ್ ಫ್ರಾಂಕ್ಲಿನ್ ನೇತೃತ್ವದಲ್ಲಿ ಎರೆಬಸ್, ಟೆರರ್ ಎಂಬ ಎರಡು ಹಡಗುಗಳು ಕೆನಡಾದ ಉತ್ತರದ ಜಲಮಾರ್ಗ ಹುಡುಕಲು ಇಂಗ್ಲೆಂಡ್ ಬಿಟ್ಟವು. ಕಿಂಗ್ ವಿಲಿಯಂ ದ್ವೀಪದ ಬಳಿ ಹಿಮದಲ್ಲಿ ಸಿಕ್ಕಿಬಿದ್ದವು. 129 ಜನರಲ್ಲಿ ಒಬ್ಬರೂ ಮನೆಗೆ ಮರಳಲಿಲ್ಲ. ಸಿಮ್ಮನ್ಸ್ ಇದಕ್ಕೊಂದು ಭೂತ ಸೇರಿಸಿದ್ದಾರೆ. ಹಿಮಕರಡಿಗಿಂತ ದೊಡ್ಡ ಆಕಾರ, ಕತ್ತಲಲ್ಲಿ ಬಂದು ನಾವಿಕರನ್ನು ಹೊತ್ತೊಯ್ಯುತ್ತದೆ.

ನಮ್ಮದು ಆಡಿಟ್ ಕಸುಬು. ಭೂತಕ್ಕಿಂತ ದಾಸ್ತಾನಿನ ಲೆಕ್ಕವೇ ನಮ್ಮ ನಿದ್ದೆ ಕೆಡಿಸಿತು. ಮೂರು ವರ್ಷಕ್ಕೆಂದು ಒಯ್ದ ಆಹಾರ, ಬೆಸುಗೆ ಸರಿಯಿಲ್ಲದೆ ಕೆಟ್ಟ ಡಬ್ಬಿಗಳು, ಉಳಿದದ್ದನ್ನು ಮತ್ತೆ ಮತ್ತೆ ಎಣಿಸುವ ಕ್ಯಾಪ್ಟನ್ ಕ್ರೋಜಿಯರ್.

ಆಮೇಲೆ ಆ ಚೀಟಿ. ಅದೂ ನಿಜದ್ದೇ. 1847ರ ಮೇ ತಿಂಗಳಲ್ಲಿ ‘ಎಲ್ಲ ಕ್ಷೇಮ’ ಎಂದು ಬರೆದು ಡಬ್ಬಿಯಲ್ಲಿಟ್ಟು ಕಲ್ಲುಗುಪ್ಪೆಯಲ್ಲಿ ಬಿಟ್ಟಿದ್ದರು. ಹನ್ನೊಂದು ತಿಂಗಳ ಮೇಲೆ ಅದೇ ಹಾಳೆಯ ಅಂಚಿನಲ್ಲಿ ಇನ್ನೊಂದು ಬರಹ: ಫ್ರಾಂಕ್ಲಿನ್ ಸೇರಿ 24 ಮಂದಿ ಸತ್ತಿದ್ದಾರೆ, ಉಳಿದ 105 ಮಂದಿ ಹಡಗು ಬಿಟ್ಟಿದ್ದೇವೆ. ಹುಡುಕಿ ಹೋದವರ ಕೈಗೆ ಅದು ಸಿಕ್ಕಿದ್ದು 1859ರಲ್ಲಿ.

ಅವತ್ತು ಓದು ಅಲ್ಲಿಗೇ ನಿಂತಿತು. ಇಬ್ಬರಿಗೂ ನೆನಪಾದದ್ದು ಇಲ್ಲಿನ ನಮ್ಮ ಮೊದಲ ಚಳಿಗಾಲ. ಸೇರಿದ್ದ ಕಚೇರಿ ನಾಲ್ಕೇ ತಿಂಗಳಿಗೆ ಕೆಲಸದಿಂದ ತೆಗೆದಿತ್ತು. ಸಿ.ಎ. ಓದಿದ ಕೈ ಏಳು ತಿಂಗಳು ಗೋದಾಮಿನಲ್ಲಿ ರಾತ್ರಿಪಾಳಿಯಲ್ಲಿ ಪೆಟ್ಟಿಗೆ ಎಣಿಸಿತು. ಪ್ರತಿ ಭಾನುವಾರ ದಾವಣಗೆರೆಗೆ ಫೋನ್ ಮಾಡಿದರೆ ಅವ್ವನದು ಒಂದೇ ಪ್ರಶ್ನೆ, ‘ಎಲ್ಲಾ ಆರಾಮ ಇದೀರೇನಪ್ಪಾ?’ ನಮ್ಮದೂ ಒಂದೇ ಉತ್ತರ. ಅತ್ತಲಿನವರೂ ಕಡಿಮೆಯೇನಲ್ಲ ಬಿಡಿ. ಅಪ್ಪನಿಗೆ ಹೃದಯದ ಆಪರೇಷನ್ ಆಗಿದ್ದು ನಮಗೆ ತಿಳಿದದ್ದು ಎರಡು ವರ್ಷದ ಮೇಲೆ, ಊರಿಗೆ ಹೋಗಿ ಎದೆಯ ಮೇಲಿನ ಗಾಯದ ಗುರುತು ಕಂಡಾಗ.

ಹೋದ ಭಾನುವಾರ ಅವ್ವನಿಗೆ ಗೋದಾಮಿನ ಕತೆ ಹೇಳಿಯೇಬಿಟ್ಟೆವು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, ‘ಆಗ ಊಟಕ್ಕೇನು ಮಾಡ್ತಿದ್ರಿ?’