ಕಬ್ಬಿಣದ ಕೆಂಪು, ತಾಮ್ರದ ನೀಲಿ

ಅಮೆರಿಕದ ಫೀನಿಕ್ಸ್ ಕಡೆ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸದೆ ಕಳಿಸುವುದಿಲ್ಲ. ಹೆಚ್ಚಿನವರು ಹಿಡಿಯುವುದು ಕಾಡಿನ ನಡುವಿನ ನೇರ ದಾರಿ. ಸ್ವಲ್ಪ ಸುತ್ತಾದರೂ ಸರಿ, ಫ್ಲ್ಯಾಗ್‌ಸ್ಟಾಫ್‌ನಿಂದ ಉತ್ತರಕ್ಕೆ ಹೆದ್ದಾರಿ 89ರಲ್ಲಿ ಕ್ಯಾಮರನ್ ಎಂಬ ಪುಟ್ಟ ಊರಿಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಮರುಭೂಮಿಯ ಅಂಚಿನಿಂದಲೇ ಕಮರಿಯನ್ನು ತಲುಪಬೇಕು ಎಂಬುದು ನನ್ನ ಮಾತು. ಕಣ್ಣಿಗೆ ಬೀಳುವ ಬಣ್ಣಗಳಿಗೂ ದಾರಿಬದಿಯಲ್ಲಿ ಕೊಳ್ಳುವ ಒಡವೆ, ಕಂಬಳಿಗಳಿಗೂ ಒಂದೇ ಮೂಲ ಎನ್ನುವುದು ಈ ದಾರಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದಿಲ್ಲ.

ಫ್ಲ್ಯಾಗ್‌ಸ್ಟಾಫ್ ಇರುವುದು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿ. 80 ಕಿಲೋಮೀಟರ್ ದೂರದ ಕ್ಯಾಮರನ್ ಮುಟ್ಟುವಷ್ಟರಲ್ಲಿ ರಸ್ತೆ 800 ಮೀಟರಿಗೂ ಹೆಚ್ಚು ಇಳಿದಿರುತ್ತದೆ. ಇಳಿದಂತೆಲ್ಲ ಸೆಕೆ ಏರುತ್ತದೆ, ಮಳೆ ಕಡಿಮೆಯಾಗುತ್ತದೆ. ಎತ್ತರದ ಪೈನ್ ಮರಗಳು ಹೋಗಿ ಗಿಡ್ಡ ಜುನಿಪರ್ ಬರುತ್ತದೆ, ಆಮೇಲೆ ಅದೂ ಇಲ್ಲ. ಬಲಕ್ಕೆ ಕಪ್ಪು ಬೂದಿಗುಡ್ಡೆಗಳು. ಅವುಗಳಲ್ಲಿ ಸನ್‌ಸೆಟ್ ಕ್ರೇಟರ್ ಎಂಬ ಜ್ವಾಲಾಮುಖಿ ಸಿಡಿದು ಇನ್ನೂ ಸಾವಿರ ವರ್ಷವೂ ತುಂಬಿಲ್ಲ.

ಕ್ಯಾಮರನ್ ಹತ್ತಿರವಾದಂತೆ ನೆಲ ಕೆಂಪಾಗುತ್ತದೆ. ಬಳ್ಳಾರಿ, ಸಂಡೂರಿನ ಅದಿರಿಗೆ ಕೆಂಪು ಕೊಟ್ಟ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡೇ ಇಲ್ಲೂ ಬಣ್ಣಗಾರ. ಬಂಡೆಯಲ್ಲಿ ಅದರ ಪಾಲು ತೀರ ಕಡಿಮೆ, ಆದರೂ ಇಡೀ ದಿಬ್ಬಕ್ಕೆ ಬಣ್ಣ ಬಳಿಯಲು ಅಷ್ಟು ಸಾಕು. ಮಧ್ಯೆ ಮಧ್ಯೆ ಬೂದು, ನೇರಳೆ, ಹಸಿರು ಮಿಶ್ರಿತ ಪಟ್ಟೆಗಳೂ ಇವೆ. 20 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ನದಿ, ಜೌಗು ಇದ್ದವು. ಗಾಳಿಗೆ ಒಡ್ಡಿಕೊಂಡು ಒಣಗಿದ ಮಣ್ಣಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಕೆಂಪಾಯಿತು. ಆಮ್ಲಜನಕ ಸಿಗದ ಕೆಸರಿನಲ್ಲಿ ಕೆಂಪು ಕಟ್ಟಲಿಲ್ಲ, ಬೂದು ಹಸಿರು ಉಳಿಯಿತು. ಪೇಂಟೆಡ್ ಡೆಸರ್ಟ್ ಎಂದು ಕರೆಯುವ ಈ ದಿಬ್ಬಗಳ ಒಂದೊಂದು ಪಟ್ಟೆಯೂ ಆ ಕಾಲದ ನೆಲ ಎಷ್ಟು ಒದ್ದೆಯಾಗಿತ್ತು ಎಂಬುದರ ದಾಖಲೆ.

ಗಾಡಿ ನಿಲ್ಲಿಸಿ ಒಂದು ದಿಬ್ಬದ ಮೈಯನ್ನು ಹತ್ತಿರದಿಂದ ನೋಡಿ. ಮೇಲ್ಮೈ ಅರಳು ಹುರಿದು ಹರಡಿದಂತೆ ಗುಳ್ಳೆ ಗುಳ್ಳೆಯಾಗಿದೆ. ಜ್ವಾಲಾಮುಖಿ ಬೂದಿ ಕೊಳೆತು ಆದ ಬೆಂಟೊನೈಟ್ ಜೇಡಿ ಇದು. ನೀರು ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಹೀಗೆ ಸದಾ ಉಬ್ಬಿ ಬಿರಿಯುವ ಮಣ್ಣಿನಲ್ಲಿ ಬೇರು ಹಿಡಿಯುವುದು ಕಷ್ಟ. ಹುಲ್ಲು ಮುಚ್ಚದ ಕಾರಣಕ್ಕೇ ಬಣ್ಣಗಳು ಹೀಗೆ ಬತ್ತಲಾಗಿ ಕಾಣುವುದು.

ಇದೇ ಮಣ್ಣು ಇಲ್ಲಿನವರನ್ನು ಕಾಡಿದ್ದೂ ಉಂಟು. ಹೂತುಹೋದ ಮರದ ದಿಮ್ಮಿಗಳ ಇಂಗಾಲ, ಅಂತರ್ಜಲದಲ್ಲಿ ಕರಗಿದ್ದ ಯುರೇನಿಯಂ ಅನ್ನು ಹಿಡಿದು ಶೇಖರಿಸಿಟ್ಟಿತ್ತು. ಶೀತಲ ಸಮರದ ಕಾಲದಲ್ಲಿ ಕ್ಯಾಮರನ್ ಸುತ್ತ ಅದಕ್ಕಾಗಿ ಗುಂಡಿ ತೋಡಿದರು. 1944ರಿಂದ 1986ರವರೆಗೆ ಇಲ್ಲಿನ ಮೂಲನಿವಾಸಿಗಳಾದ ನವಾಹೋ ಜನರ ನೆಲದಿಂದ ಹೊರತೆಗೆದ ಅದಿರು ಸುಮಾರು 3 ಕೋಟಿ ಟನ್. ಪಾಳುಬಿದ್ದ ಗಣಿಗಳು ಐನೂರಕ್ಕೂ ಹೆಚ್ಚು. ಗಣಿಯಲ್ಲಿ ದುಡಿದ ಅನೇಕರು ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತರು, ಕೆಲವು ಕಡೆ ಕುಡಿಯುವ ನೀರಿನ ಸೆಲೆಗಳೂ ಕೆಟ್ಟವು. ಚೆಲುವಾದ ದಿಬ್ಬಗಳ ಫೋಟೊ ತೆಗೆಯುವವರಿಗೆ ಇದೂ ಗೊತ್ತಿರಬೇಕು.

ಕ್ಯಾಮರನ್‌ನ ಹಳೆಯ ವ್ಯಾಪಾರ ಮಳಿಗೆ 1916ರದು. ನವಾಹೋ ಜನ ಮತ್ತು ಅವರ ನೆರೆಯ ಹೋಪಿ ಮೂಲನಿವಾಸಿಗಳು ಉಣ್ಣೆ, ಕಂಬಳಿ ತಂದು ಹಿಟ್ಟು, ಸಕ್ಕರೆ ಒಯ್ಯುತ್ತಿದ್ದ ಜಾಗ. ನವಾಹೋ ಹೆಂಗಸರು ನಿಲುವು ಮಗ್ಗದಲ್ಲಿ ನೇಯ್ದ ಕಂಬಳಿಗಳನ್ನು ನೋಡುವಾಗ ಅವುಗಳ ಕಪ್ಪನ್ನು ಗಮನಿಸಿ. ಹಳೆಯ ವಿಧಾನದಲ್ಲಿ ಸುಮ್ಯಾಕ್ ಎಂಬ ಪೊದೆಯ ಎಲೆ, ಕಡ್ಡಿಗಳನ್ನು ಗಂಟೆಗಟ್ಟಲೆ ಕುದಿಸಿ ಒಗರು ಕಷಾಯ ಮಾಡುತ್ತಾರೆ. ಹಳದಿ ಕಾವಿಮಣ್ಣನ್ನು ಪೈನ್ ಮರದ ಅಂಟಿನ ಜೊತೆ ಹುರಿದು ಕಪ್ಪು ಪುಡಿ ಮಾಡಿ ಅದಕ್ಕೆ ಬೆರೆಸುತ್ತಾರೆ. ಕಾವಿಮಣ್ಣಿನ ಕಬ್ಬಿಣ, ಕಷಾಯದ ಟ್ಯಾನಿನ್ ಎರಡೂ ಕೂಡಿ ಗಾಢ ಕಪ್ಪು ಹುಟ್ಟುತ್ತದೆ. ಹೊರಗೆ ದಿಬ್ಬವನ್ನು ಕೆಂಪಾಗಿಸಿದ ಲೋಹವೇ ಒಳಗೆ ಉಣ್ಣೆಯನ್ನು ಕಪ್ಪಾಗಿಸಿದೆ. ಪಕ್ಕದಲ್ಲಿರುವ ಹೋಪಿ ಮಡಕೆಗಳ ಜೇನುಬಣ್ಣವೂ ಅದರದೇ: ಬೂದುಬಣ್ಣದ ಜೇಡಿಯನ್ನು ಸುಟ್ಟಾಗ ಅದರಲ್ಲಿರುವ ಕಬ್ಬಿಣ ಗಾಳಿಯ ಆಮ್ಲಜನಕದೊಡನೆ ಕೂಡಿ ಹಳದಿ, ಕಿತ್ತಳೆಗೆ ತಿರುಗುತ್ತದೆ.

ಇಲ್ಲಿಂದ ರಸ್ತೆ 64 ಪಶ್ಚಿಮಕ್ಕೆ ಏರತೊಡಗುತ್ತದೆ. ಎಡಬಲಕ್ಕೆ ತಗಡಿನ, ಮರದ ಪುಟ್ಟ ಅಂಗಡಿಗಳು. ಬಲಗಡೆಯವುಗಳ ಹಿಂದೆಯೇ ಲಿಟ್ಲ್ ಕೊಲೊರಾಡೊ ನದಿ ಕೊರೆದ ಕಡಿದಾದ ಕಮರಿ. ವರ್ಷದ ಬಹುಪಾಲು ಇಲ್ಲಿ ತಳ ಒಣಗಿರುತ್ತದೆ, ಮಳೆ ಬಂದರೆ ಕೆಂಗಂದು ರಾಡಿ ನುಗ್ಗುತ್ತದೆ. ಇನ್ನಷ್ಟು ಕೆಳಗೆ, ಬ್ಲೂ ಸ್ಪ್ರಿಂಗ್ ಎಂಬ ದೊಡ್ಡ ಬುಗ್ಗೆ ಸೇರಿದ ಮೇಲೆ ಅದೇ ನದಿ ಹಾಲುಗಲಸಿದ ನೀಲಿ. ಸುಣ್ಣಕಲ್ಲಿನೊಳಗಿಂದ ಬಂದ ನೀರಿನಲ್ಲಿ ತೇಲುವ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಕಣಗಳು ಬೆಳಕನ್ನು ಚೆದುರಿಸುವುದರಿಂದ ಬಂದ ಬಣ್ಣ ಅದು.

ಅಂಗಡಿಯ ಮೇಜಿನ ಮೇಲಿನ ನೀಲಿಯೇ ಬೇರೆ, ಅದು ತಾಮ್ರದ್ದು. ಟರ್ಕಾಯ್ಸ್, ನಮ್ಮ ಹರಳಿನ ಅಂಗಡಿಯವರು ಫಿರೋಜಾ ಎನ್ನುವ ಕಲ್ಲು, ತಾಮ್ರ, ಅಲ್ಯೂಮಿನಿಯಂ, ಫಾಸ್ಫೇಟ್ ಮತ್ತು ನೀರು ಸೇರಿ ಆದದ್ದು. ಒಣ ಸೀಮೆಯಲ್ಲಿ ಅಪರೂಪಕ್ಕೆ ಬೀಳುವ ಮಳೆ ತಾಮ್ರದ ಅದಿರಿನೊಳಗೆ ಇಳಿದು, ಬಂಡೆಯ ಬಿರುಕುಗಳಲ್ಲಿ ನಿಧಾನಕ್ಕೆ ಇದನ್ನು ಕಟ್ಟುತ್ತದೆ. ಅಲ್ಯೂಮಿನಿಯಂ ಜಾಗದಲ್ಲಿ ಕಬ್ಬಿಣ ಹೊಕ್ಕರೆ ನೀಲಿ ಹಸಿರಿಗೆ ವಾಲುತ್ತದೆ. ಕಲ್ಲಿನ ಮೇಲಿನ ಕಂದು, ಕಪ್ಪು ಗೆರೆಗಳು ಅದನ್ನು ಹೊತ್ತಿದ್ದ ತಾಯಿಬಂಡೆಯ ಅಂಶ. ಕಿಂಗ್‌ಮನ್, ಬಿಸ್ಬಿ, ಮೊರೆನ್ಸಿ ಎಂದು ಇಲ್ಲಿ ಹೆಸರು ಹೇಳಿ ಮಾರುವ ಕಲ್ಲುಗಳೆಲ್ಲ ಅರಿಜೋನಾದ ತಾಮ್ರದ ಗಣಿಗಳ ಮಕ್ಕಳೇ.

ಅಂಗಡಿಗಳು ಮುಗಿದ ಮೇಲೆ ಏರು ಇನ್ನೂ ಇದೆ. ಕ್ಯಾಮರನ್‌ನಿಂದ ಸುಮಾರು 50 ಕಿಲೋಮೀಟರಿಗೆ ಗ್ರ್ಯಾಂಡ್ ಕ್ಯಾನ್ಯನ್ ಅಂಚಿನ ಡೆಸರ್ಟ್ ವ್ಯೂ ಎಂಬ ನೋಟದ ತಾಣ, ಎತ್ತರ 2,267 ಮೀಟರ್. ಮೇಲೆ ಹತ್ತಿದಂತೆ ಹೊಸ ಬಂಡೆ ಸಿಗಬೇಕು ಎಂದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ. ಕಮರಿಯಂಚಿನ ಸುಣ್ಣಕಲ್ಲು ಸುಮಾರು 27 ಕೋಟಿ ವರ್ಷ ಹಳೆಯದು, ಕೆಳಗೆ ಬಿಟ್ಟುಬಂದ ಕೆಂಪು ದಿಬ್ಬಗಳಿಗಿಂತ ಹಿರಿಯದು. ಪೂರ್ವದ ಕಡೆ ಬಂಡೆಪದರಗಳೇ ಬಾಗಿ ತಗ್ಗಿಗೆ ಇಳಿದಿವೆ. ಎತ್ತಿಹಿಡಿದ ಕಡೆ ಮೇಲಿನ ಕೆಂಪು ಪದರಗಳನ್ನು ಮಳೆ ಗಾಳಿ ಸವೆಸಿ ಒಯ್ದಿವೆ. ಡೆಸರ್ಟ್ ವ್ಯೂನ ಪೂರ್ವಕ್ಕೆ ಒಂಟಿಯಾಗಿ ನಿಂತ ಸೀಡರ್ ಮೌಂಟನ್ ಎಂಬ ಚಪ್ಪಟೆ ಗುಡ್ಡ, ಹೀಗೆ ಹೋದ ಪದರಗಳ ಉಳಿದ ತುಣುಕು.

ಡೆಸರ್ಟ್ ವ್ಯೂನಲ್ಲಿ ವಾಸ್ತುಶಿಲ್ಪಿ ಮೇರಿ ಕೋಲ್ಟರ್ ವಿನ್ಯಾಸ ಮಾಡಿದ, 1932ರಲ್ಲಿ ಮುಗಿದ ಕಲ್ಲಿನ ಗೋಪುರದಿಂದ ನೋಡಿದರೆ ಕಮರಿಯ ಅರ್ಧ ಎತ್ತರದಲ್ಲಿ ಕಡುಗೆಂಪು ಗೋಡೆಯೊಂದು ಉದ್ದಕ್ಕೂ ಕಾಣುತ್ತದೆ. ರೆಡ್‌ವಾಲ್ ಸುಣ್ಣಕಲ್ಲು ಅದು. ಚಕ್ಕೆ ಎದ್ದ ಕಡೆ ನೋಡಿದರೆ ಒಳಗೆ ಬೂದು. ಮೇಲಿನ ಪದರಗಳ ಕಬ್ಬಿಣ ಮಳೆನೀರಿನೊಂದಿಗೆ ಸುರಿದು ಸುರಿದು ಹೊರಮೈಗೆ ಬಣ್ಣ ಹಿಡಿಸಿದೆ. ಪೂರ್ವ ತುದಿಯ ಒಂದು ಶಿಖರಕ್ಕೆ ವಿಷ್ಣುವಿನ ಹೆಸರಿದೆ, ತಳದ ಕಪ್ಪು ಶಿಲೆಗೂ ಅದೇ ಹೆಸರು. ಆ ಶಿಲೆಯ ವಯಸ್ಸು ಸುಮಾರು 175 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಅದಕ್ಕಿಂತ ನೂರು ಕೋಟಿ ವರ್ಷಗಳಿಗೂ ಹೆಚ್ಚು ಹಿರಿಯದು.

ದಾರಿಬದಿಯ ಅಂಗಡಿಗಳಲ್ಲಿ ಒಡವೆ ಕೊಳ್ಳುವವರಿಗೆ ಒಂದೆರಡು ಮಾತು. ಮೆತ್ತನೆಯ ಟರ್ಕಾಯ್ಸಿಗೆ ರಾಳ ತುಂಬಿ ಗಟ್ಟಿ ಮಾಡುವುದು ಸಾಮಾನ್ಯ, ತಪ್ಪೂ ಅಲ್ಲ, ಆದರೆ ಹೇಳಿ ಮಾರಬೇಕು. ಹೌಲೈಟ್ ಎಂಬ ಬಿಳಿ ಕಲ್ಲಿಗೆ ನೀಲಿ ಬಣ್ಣ ಹಾಕಿ ಟರ್ಕಾಯ್ಸ್ ಎಂದು ಮಾರುವುದು ಮೋಸ. ಯಂತ್ರದಲ್ಲಿ ಮಾಡಿ ಹೊರಗಿನಿಂದ ತಂದ ಒಡವೆಯನ್ನು ನವಾಹೋ ಕೈಕೆಲಸ ಎಂದು ಮಾರುವುದು 1990ರ ಕಾಯ್ದೆಯ ಪ್ರಕಾರ ಅಪರಾಧ, ಜೈಲೂ ಆಗಬಹುದು. ಯಾವ ಗಣಿಯ ಕಲ್ಲು, ರಾಳ ತುಂಬಿದೆಯೇ, ಬೆಳ್ಳಿ ಕೆಲಸ ಯಾರದು ಎಂದು ಕೇಳಿ. ರಸ್ತೆಬದಿಯಲ್ಲಿ ಎಷ್ಟೋ ಸಲ ಮಾಡಿದವರೇ ಮುಂದೆ ಕೂತಿರುತ್ತಾರೆ, ಇಲ್ಲವೇ ಅವರ ಮನೆಯವರು. ಕೊಂಡ ಮೇಲೆ ಸೆಂಟು, ಸೋಪು, ಎಣ್ಣೆ ತಾಗದಂತೆ ನೋಡಿಕೊಳ್ಳಿ. ಸೂಕ್ಷ್ಮ ರಂಧ್ರಗಳ ಈ ಕಲ್ಲು ಅವನ್ನೆಲ್ಲ ಹೀರಿಕೊಂಡು ವರ್ಷಗಳಲ್ಲಿ ಹಸಿರಾಗುತ್ತದೆ.