ನಳದ ನೀರಿಗೆ ಔಷಧಿ ವಾಸನೆಯೇ?

ಹೊಸ ಮಳೆ ಬಿತ್ತೆಂದರೆ ಗೋಕಾಕ ಫಾಲ್ಸ್ ನೋಡಲು ಜನವೋ ಜನ! ಕೆಂಪಗೆ ಧುಮುಕುವ ಘಟಪ್ರಭೆ ಕಣ್ಣಿಗೆ ಹಬ್ಬವೇ ಸರಿ. ಆದರೆ ಹೊಳೆಯ ನೀರೇ ಅಲ್ಲವೇ ನಮ್ಮ ಕೊಡ ತುಂಬಬೇಕಾದದ್ದು? ಗೋಕಾಕ, ಮೂಡಲಗಿ, ಹುಕ್ಕೇರಿಯ ಸೋದರಿಯರೇ, ನಳ ತಿರುವಿದಾಗ ಘಾಟು ಬಡಿದರೆ “ಈ ನೀರು ಕುಡಿದ್ರ ಕ್ಯಾನ್ಸರ್ ಬರ್ತದಂತ, ಖರೇ ಏನ್ರಿ?” ಎಂಬ ಅನುಮಾನ ನಿಮಗೂ ಬಂದಿರಬಹುದು.

ಅನುಮಾನ ಪೂರ್ತಿ ಸುಳ್ಳಲ್ಲ. ರೋಗಾಣು ಕೊಲ್ಲುವ ಕ್ಲೋರಿನ್, ನೀರಿನಲ್ಲಿ ಕರಗಿದ ಕೊಳೆತ ಎಲೆ-ಕಸದ ಅಂಶದೊಡನೆ ಸೇರಿದರೆ ಕ್ಲೋರೋಫಾರ್ಮ್‌ನಂಥ ವಸ್ತುಗಳು ಹುಟ್ಟುತ್ತವೆ. ಹಾಲೆಂಡಿನ ರೂಕ್ ಎಂಬ ವಿಜ್ಞಾನಿ 1974ರಲ್ಲಿ ಇದನ್ನು ತೋರಿಸಿಕೊಟ್ಟರು. ಇಂಥ ವಸ್ತುಗಳು ಹೆಚ್ಚಾಗಿರುವ ನೀರನ್ನು ಹತ್ತಾರು ವರ್ಷ ಬಳಸಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚೆಂದು ಹಲವು ಅಧ್ಯಯನಗಳು ಹೇಳುತ್ತವೆ. ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರೋಫಾರ್ಮ್ ಮಿತಿ.

ಹಾಗೆಂದು ಔಷಧಿಯೇ ಬೇಡವೆನ್ನಬೇಡಿ! ಕಾಲರಾ, ಟೈಫಾಯಿಡ್ ವರ್ಷಗಟ್ಟಲೆ ಕಾಯುವುದಿಲ್ಲ. ಕೆಲವೇ ದಿನಗಳಲ್ಲಿ ಮಗುವನ್ನು ಹಾಸಿಗೆ ಹಿಡಿಸುತ್ತವೆ. ಈ ವಸ್ತುಗಳ ಭಯದಿಂದ ಕ್ಲೋರಿನ್ ಬಿಡಬಾರದೆಂದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪಾಯವೆಂದರೆ, ಮೊದಲು ಕೊಳೆ ತೆಗೆಯುವುದು, ಆಮೇಲೆ ಔಷಧಿ ಹಾಕುವುದು.

ಮನೆಯಲ್ಲಿ ಹೀಗೆ ಮಾಡಿ:

* ಟಾಕಿಯ ತಳದ ರಾಡಿ ತಿಕ್ಕಿ ತೊಳೆಯದೆ ಬ್ಲೀಚಿಂಗ್ ಪುಡಿ ಸುರಿಯಬೇಡಿ.

* ಹೊಳೆ, ಕಾಲುವೆಯ ರಾಡಿ ನೀರಿದ್ದರೆ ಪಟಿಕ ಆಡಿಸಿ, ತಿಳಿಯಾಗಲು ಬಿಡಿ. ಮೇಲಿನ ತಿಳಿಯನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ. ಆಮೇಲೆ ಕ್ಲೋರಿನ್ ಹನಿಯನ್ನು ಸೀಸೆಯ ಮೇಲಿನ ಅಳತೆಯಂತೆ ಹಾಕಿ, ಅರ್ಧ ಗಂಟೆ ಕಾಯಿರಿ.

* ನಳದ ನೀರನ್ನು ಮುಚ್ಚಳ ತೆರೆದು, ಕಿಟಕಿ ತೆಗೆದಿಟ್ಟು, ಐದು ನಿಮಿಷ ಕುದಿಸಿ. ಕ್ಲೋರೋಫಾರ್ಮ್ ಕುದಿಯುವುದು 61 ಡಿಗ್ರಿಯಲ್ಲೇ; ಬಹುಪಾಲು ಹಬೆಯೊಡನೆ ಹಾರಿಹೋಗುತ್ತದೆ.

* ಕುದಿಸಿದ ನೀರಿನಲ್ಲಿ ಕ್ಲೋರಿನ್‌ನ ಕಾವಲೂ ಉಳಿಯದು. ಮುಚ್ಚಿಟ್ಟು, ಹಿಡಿಕೆಯ ಸವಟಿನಿಂದ ತೆಗೆದು, ಅಂದೇ ಖರ್ಚು ಮಾಡಿ. ಕೈ ಅದ್ದಬೇಡಿ.

* ಇದ್ದಿಲಿನ ಫಿಲ್ಟರ್ ಇದ್ದರೆ ಹೇಳಿದ ಗಡುವಿಗೆ ಬದಲಿಸಿ. ಹಳೆಯದಾದರೆ ಪ್ರಯೋಜನವಿಲ್ಲ.

ಬೋರ್‌ವೆಲ್ ನೀರಿನಲ್ಲಿ ಎಲೆ-ಕಸದ ಅಂಶ ಸಾಮಾನ್ಯವಾಗಿ ಕಡಿಮೆ. ಈ ಚಿಂತೆಯೂ ಕಡಿಮೆ. ಆದರೆ ಗಡಸುತನ, ಫ್ಲೋರೈಡ್ ಇದ್ದೀತು, ಪರೀಕ್ಷೆ ಮಾಡಿಸಲೇಬೇಕು.

ನೀರಿನ ಪರೀಕ್ಷೆಯ ವರದಿಯನ್ನು ಪುರಸಭೆ, ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ನಾಲ್ಕು ಮನೆಯವರು ಕೂಡಿ ಹೋದರೆ ಕೆಲಸ ಬೇಗ ಆದೀತು. ನೀರು ಕುಡಿಯುವವರು ನಿಮ್ಮ ಮಕ್ಕಳು, ಕೇಳುವುದಕ್ಕೆ ಸಂಕೋಚವೇಕೆ?